ಎಲ್ಲ ಮರಳೂ ಒಂದೇ ಅಲ್ಲ

ಸಂಪಾದಕರೇ,

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ಸುದ್ದಿ ಬಂದಾಗಲೆಲ್ಲ ರೆಕ್ಕೆಯ ಉದ್ದದ್ದೇ ಮಾತು. ತಳದ ಮರಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲೇ ತಲೆ ನರೆತವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಚಿಪ್ಪು, ಹವಳದ ಚೂರುಗಳಿಂದಾದ ಸುಣ್ಣದ ಮರಳನ್ನು ಬೆರಳ ನಡುವೆ ಒತ್ತಿ ನೋಡಿ. ಕೆಲವು ಕಾಳು ಪುಡಿಯಾಗುತ್ತವೆ, ಒಳಗೆಲ್ಲ ಟೊಳ್ಳು. ತಮಾಷೆ ಅಂದರೆ, ಲ್ಯಾಬಿನಲ್ಲಿ ಇದರ ಘರ್ಷಣೆ ಕೋನ (ಕಾಳುಗಳು ಜಾರದೆ ಒಂದನ್ನೊಂದು ಹಿಡಿದು ನಿಲ್ಲುವ ಬಲದ ಅಳತೆ) ಮಾಮೂಲಿ ಮರಳಿಗಿಂತ ಜಾಸ್ತಿಯೇ ಬರುತ್ತದೆ! ಆದರೆ ಪೈಲ್, ಅಂದರೆ ಅಡಿಪಾಯದ ಉದ್ದನೆಯ ಕಂಬ, ಬಡಿದಾಗ ಕಾಳು ಒಡೆದು, ಮರಳು ಕುಗ್ಗಿ, ಪೈಲಿನ ಮೈ ಹಿಡಿಯುವ ಬಿಗಿ ಸಡಿಲವಾಗುತ್ತದೆ. 1982ರಲ್ಲಿ ಆಸ್ಟ್ರೇಲಿಯಾದ ನಾರ್ತ್ ರ‍್ಯಾಂಕಿನ್ ಅನಿಲ ವೇದಿಕೆಯ ಪೈಲ್‌ಗಳು ತಮ್ಮ ಭಾರಕ್ಕೇ ಸುಮಾರು 60 ಮೀಟರ್ ಇಳಿದುಹೋದವು.

ಗಾಳಿಯಂತ್ರವಂತೂ ಅಲೆಗೆ, ಗಾಳಿಗೆ ವರ್ಷಗಟ್ಟಲೆ ಓಲಾಡುತ್ತಲೇ ಇರಬೇಕು, ಅಲ್ವಾ? ಇಂಥ ಮರಳಲ್ಲಿ ಬಡಿಯುವ ಬದಲು ಕೊರೆದು ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವ ಪೈಲೇ ವಾಸಿ; ಅದು ದುಬಾರಿ, ಒಪ್ಪುತ್ತೇನೆ.

– ನಿವೃತ್ತ ಲ್ಯಾಬ್ ಎಂಜಿನಿಯರ್