ಮಗಳಿಗೊಂದು ಪತ್ರ: ಬಲಗಡೆ ಎತ್ತನ್ನು ಹಿಡಿ

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಇದನ್ನು ಫೋನಲ್ಲೇ ಹೇಳಬಹುದಿತ್ತು. ಆದರೆ ಫೋನಲ್ಲಿ ನೀನು "ಸರಿ ಅಪ್ಪ, ಸರಿ ಅಪ್ಪ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊನ್ನೆ ನಿನ್ನ ಪೈಲಟ್ ತರಬೇತಿಯಲ್ಲಿ ನಡೆದಿದ್ದನ್ನು ಅಮ್ಮ ಹೇಳಿದಳು. ನನಗೆ ಹೇಳಬೇಡ ಅಂದಿದ್ದೆಯಂತೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ. ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯಲ್ಲಿ ದೀಪ ಹಾಕದೆ ಸುಮ್ನೆ ಕೂತಿದ್ದಳು. ನಾನೇ ಒತ್ತಾಯ ಮಾಡಿ ಕೇಳಿದೆ.

ನಾನು ತಿಳಿದುಕೊಂಡಿದ್ದು ಇಷ್ಟು. ಸಾಕಷ್ಟು ಎತ್ತರದಲ್ಲಿದ್ದಾಗ ನಿನ್ನ ಇನ್‌ಸ್ಟ್ರಕ್ಟರ್ ಒಂದು ಇಂಜಿನ್ ಕೆಟ್ಟರೆ ನೀನು ಏನು ಮಾಡುತ್ತೀಯ ಅಂತ ನೋಡಲು ಎಡ ಇಂಜಿನ್ನಿನ ಪವರ್ ಇಳಿಸಿದರು. ಮೂಗು ಎಡಕ್ಕೆ ಎಳೆಯಿತು. ನೀನು ಬಲಗಾಲು ಒತ್ತಿದೆ, ವಿಮಾನ ನೇರವಾಯಿತು. ಅಲ್ಲಿವರೆಗೆ ಎಲ್ಲ ಸರಿ. ಆಮೇಲೆ ನಿನ್ನ ಕೈ ಚೆನ್ನಾಗಿದ್ದ ಬಲ ಇಂಜಿನ್ನನ್ನೇ ನಿಲ್ಲಿಸುವ ಮಾಸ್ಟರ್ ಸ್ವಿಚ್ಚಿಗೆ ಹೋಯಿತು. ಅವರು ಮಣಿಕಟ್ಟು ಹಿಡಿದರು. ಕೆಳಗಿಳಿದ ಮೇಲೆ ಅವರು ಬೈಯಲಿಲ್ಲ, ಆದರೆ ನೀನು ಹಾಸ್ಟೆಲ್ಲಿಗೆ ಹೋಗಿ ಅತ್ತೆ. "ಎರಡು ಇಂಜಿನ್ ನನ್ನ ಕೈಲಾಗಲ್ಲಮ್ಮ" ಅಂದೆ.

ಕೈಲಾಗುತ್ತದೆ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಮೂರು ವಾರದಿಂದ ನೀನು ಕಳಿಸಿದ ಆ ಪುಸ್ತಕದ ಪುಟಗಳನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದೇನೆ. ಅದರಲ್ಲಿರುವ ಬಲಗಳೆಲ್ಲ ನನಗೆ ಗೊತ್ತಿರುವ ಬಲಗಳೇ. ಮಧ್ಯದಿಂದ ದೂರ ಇರುವ ಕಡೆ ಎಳೆದರೆ ಜಾಸ್ತಿ ತಿರುಗುತ್ತದೆ. ಎಂಟನೇ ಕ್ಲಾಸಿನಲ್ಲಿ ಬಾಗಿಲಿನ ಹಿಡಿ ತೋರಿಸಿ ಹೇಳಿಕೊಡುವ ಪಾಠ ಅದು. ರೆಕ್ಕೆಯ ಮೇಲೆ ಆಚೆಗೊಂದು ಈಚೆಗೊಂದು ಇಂಜಿನ್ ಇಟ್ಟರೆ, ಒಂದು ನಿಂತಾಗ ಇನ್ನೊಂದು ವಿಮಾನವನ್ನು ಸತ್ತ ಇಂಜಿನ್ನಿನ ಕಡೆಗೆ ತಿರುಗಿಸುತ್ತದೆ. ನಿನ್ನ ಕಾಲು, ಆ ಕಾಲು ತಿರುಗಿಸುವ ಬಾಲದ ಹಲಗೆ, ಅಂದರೆ ರಡ್ಡರ್, ಅದನ್ನು ತಡೆಯಬೇಕು.

ನಿನ್ನ ತಾತನ ಗಾಡಿಯ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಗಾಡಿ ನಾಲೆಗೆ ಬೀಳುವುದರಲ್ಲಿತ್ತು, ತಾತ ಉಳಿಸಿದರು ಅಂತ ಹೇಳಿದ್ದೆ. ಬೀಳಿಸಲು ಹೊರಟಿದ್ದವನು ನಾನು ಅಂತ ಹೇಳಿರಲಿಲ್ಲ.

ನನಗಾಗ 19 ವರ್ಷ. ಕಾಲೇಜಿಗೆ ರಜೆ, ಮನೆಯಲ್ಲಿ ಕಬ್ಬಿನ ಕಟಾವು. ಟೈರ್ ಗಾಡಿಯ ತುಂಬ ಕಬ್ಬು ಹೇರಿಕೊಂಡು ಬೆಳಗಿನ ಜಾವ ಫ್ಯಾಕ್ಟರಿಗೆ ಹೊರಟೆವು. ಊರು ಬಿಟ್ಟ ತಕ್ಷಣ ವಿಶ್ವೇಶ್ವರಯ್ಯ ನಾಲೆಯ ಏರಿ ಹತ್ತಬೇಕು. ಇಬ್ಬನಿ ಬಿದ್ದು ಮಣ್ಣು ಜಾರುತ್ತಿತ್ತು. ಗಾಡಿ ಹೊಡೆಯುತ್ತಿದ್ದವನು ನಾನು. ತಾತ ಹಿಂದೆ ನಡೆದು ಬರುತ್ತಿದ್ದರು. ಏರಿನ ಅರ್ಧ ಹತ್ತಿದಾಗ ಎಡಗಡೆ ಎತ್ತು ಜಾರಿ ಮೊಣಕಾಲೂರಿತು. ಬಲಗಡೆಯದು ಹರೆಯದ ಹಳ್ಳಿಕಾರ್ ಎತ್ತು, ಒಳ್ಳೇ ಶಕ್ತಿ. ಅದು ನಿಲ್ಲಲಿಲ್ಲ, ಎಳೆಯುತ್ತಲೇ ಇತ್ತು. ನೊಗ ಓರೆಯಾಯಿತು. ಮೂಕಿ ಎಡಕ್ಕೆ ತಿರುಗಿತು. ಎಡಕ್ಕೆ ನಾಲೆ, ತುಂಬು ನೀರು.

ಹೇಗಾದರೂ ಮಾಡಿ ಮುಂದಕ್ಕೆ ಹೋಗಿಬಿಟ್ಟರೆ ಉಳಿದೆವು ಅಂತ ನನಗೆ ಅನ್ನಿಸಿತು. ಬಲಗಡೆ ಎತ್ತಿಗೆ ಚಾಟಿ ಬೀಸಿದೆ. ಬೀಸಿದಷ್ಟೂ ಗಾಡಿ ಎಡಕ್ಕೇ ತಿರುಗಿತು. ನನಗೆ ಅರ್ಥವೇ ಆಗಲಿಲ್ಲ. ಇನ್ನೂ ಜೋರಾಗಿ ಬೀಸಿದೆ.

"ಹೊಡೀಬ್ಯಾಡ ಕಲಾ! ಬಲಗಡೇದ್ನ ಹಿಡಿ! ಹಿಂದುಕ್ ಬುಡು!"

ತಾತ ಓಡಿಬಂದು ಬಲಗಡೆ ಎತ್ತಿನ ಮೂಗುದಾರದ ಹಗ್ಗ ಹಿಡಿದು ಜಗ್ಗಿದರು. ಎತ್ತು ನಿಂತಿತು. ಗಾಡಿ ಎರಡು ಮಾರು ಹಿಂದಕ್ಕೆ ಉರುಳಿತು. ಅಷ್ಟರಲ್ಲಿ ತಾತ ಚಕ್ರಕ್ಕೆ ಕಲ್ಲು ಕೊಟ್ಟಾಗಿತ್ತು. ಎಡ ಚಕ್ರದ ಗುರುತು ಏರಿಯ ಅಂಚಿಗೆ ಒಂದು ಗೇಣು ದೂರದಲ್ಲಿತ್ತು. ಆಮೇಲೆ ನೊಗ ಇಳಿಸಿದೆವು, ಬಿದ್ದ ಎತ್ತನ್ನು ಎಬ್ಬಿಸಿ ಕಾಲು ನೀವಿದೆವು. ಅರ್ಧ ಕಬ್ಬು ಕೆಳಗಿಳಿಸಿ ಎರಡು ಸಲ ಸಾಗಿಸಿದೆವು. ಫ್ಯಾಕ್ಟರಿ ಮುಟ್ಟುವಾಗ ಅರ್ಧ ದಿನ ತಡ. ಆ ಅರ್ಧ ದಿನದ ಬಗ್ಗೆ ತಾತ ಅವತ್ತೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ.

ಹೋದ ತಿಂಗಳು ನೀನು ಫೋನಲ್ಲಿ ಒಂದು ಮಾತು ಹೇಳಿದೆ. "ಅಪ್ಪ, ಸ್ಪೀಡ್ ಮೀಟರಿನ ಕೆಂಪು ಗೆರೆಗಿಂತ ಕೆಳಗೆ ಇಳಿದರೆ ರಡ್ಡರ್ ಪೂರ್ತಿ ಒತ್ತಿದರೂ ಸಾಕಾಗಲ್ಲ. ಮೂಗು ತಿರುಗ್ತಾನೇ ಇರುತ್ತೆ. ಆಗ ಮೂಗು ಕೆಳಗೆ ಮಾಡಬೇಕು, ಬದುಕಿರೋ ಇಂಜಿನ್ನಿನ ಪವರ್ ಕಡಿಮೆ ಮಾಡಬೇಕು." ನಾನು ಏನೂ ಮಾತಾಡಲಿಲ್ಲ, ನೆಟ್‌ವರ್ಕ್ ಹೋಯಿತು ಅಂದುಕೊಂಡೆ ನೀನು. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ನನ್ನ ಕಿವಿಯಲ್ಲಿ ತಾತನ ಕೂಗು ಕೇಳುತ್ತಿತ್ತು.

ಬದುಕಿರುವ ಇಂಜಿನ್ನೇ ವಿಮಾನವನ್ನು ಮಗುಚಬಲ್ಲದು. ನಿಧಾನವಾದಷ್ಟೂ ರಡ್ಡರ್ ಮೇಲೆ ಹರಿಯುವ ಗಾಳಿಯ ಬಲ ಕಡಿಮೆ. ಇಂಜಿನ್ನಿನ ಎಳೆತ ಮಾತ್ರ ಕಡಿಮೆಯಾಗುವುದಿಲ್ಲ. ಆ ಹೊತ್ತಿಗೆ ಉಳಿದಿರುವ ಒಂದೇ ಶಕ್ತಿಯನ್ನು ಕೈಯಾರೆ ಇಳಿಸುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೆ ಗೊತ್ತು. ನನಗೆ 19ರಲ್ಲಿ ಅದು ಇರಲಿಲ್ಲ. ನಿನಗೆ ಅದನ್ನು 22ರಲ್ಲಿ ಕಲಿಸುತ್ತಿದ್ದಾರೆ, ನೀನು ಕಲಿಯುತ್ತಿದ್ದೀಯ. ಇದೇನು ಸಣ್ಣ ವಿದ್ಯೆಯಾ?

ಇನ್ನೊಂದು ವಿಷಯ ಓದಿ ನನಗೆ ತುಂಬಾ ಆಶ್ಚರ್ಯ ಆಯಿತು. ಎರಡರಲ್ಲಿ ಒಂದು ಇಂಜಿನ್ ನಿಂತರೆ ಶಕ್ತಿ ಅರ್ಧ ಹೋಗುತ್ತದೆ, ಆದರೆ ಮೇಲೇರುವ ತಾಕತ್ತು ಶೇ. 80ರಷ್ಟು, ಕೆಲವು ಸಲ ಅದಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಮೊದಲು ತಪ್ಪು ಮುದ್ರಣ ಅಂದುಕೊಂಡೆ. ಮತ್ತೆ ಗಾಡಿ ನೆನಪಾಯಿತು. ಸಮ ರಸ್ತೆಯಲ್ಲಿ ಲೋಡು ಎಳೆಯುವುದಕ್ಕೇ ಒಂದು ಎತ್ತಿನ ಶಕ್ತಿ ಖರ್ಚಾಗುತ್ತದೆ. ಏರು ಹತ್ತುವುದು ಮಿಕ್ಕಿದ ಶಕ್ತಿಯಿಂದ. ಮಿಕ್ಕಿದ್ದೇ ಹೋದರೆ ಗಾಡಿ ಏರು ಹತ್ತುವುದೆಲ್ಲಿಂದ ಬಂತು! ನೀನಿರುವ ಕಡೆಯ ಬೇಸಿಗೆಯಲ್ಲಿ ಗಾಳಿ ಕಾದು ತೆಳುವಾದಾಗ ಅದೂ ಇನ್ನಷ್ಟು ಕಡಿಮೆ. ಅದಕ್ಕೇ ನೀಲಿ ಗೆರೆಯ ಸ್ಪೀಡ್ ಬಿಡಬಾರದು ಅನ್ನುತ್ತಾರೆ. ಒಂದೇ ಇಂಜಿನ್ನಿನಲ್ಲಿ ಏರುವುದಕ್ಕೆ ಅದಕ್ಕಿಂತ ಒಳ್ಳೆ ಸ್ಪೀಡ್ ಇಲ್ಲ. ಬದುಕಿರುವ ಇಂಜಿನ್ ಕಡೆಗೆ ಸ್ವಲ್ಪ ವಾಲಿಸು, 5 ಡಿಗ್ರಿ ಮೀರಬೇಡ ಅನ್ನುವುದೂ ಈಗ ನನಗೆ ಅರ್ಥವಾಗಿದೆ.

ಫೆದರ್ ಮಾಡುವುದನ್ನು ಮಾತ್ರ ಅಮ್ಮನೇ ನನಗಿಂತ ಬೇಗ ಹಿಡಿದಳು. ನಿಂತ ಪ್ರೊಪೆಲ್ಲರ್ ಗಾಳಿಗೆ ಅಗಲವಾಗಿ ನಿಂತರೆ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ, ಅದರ ಅಲಗನ್ನು ಗಾಳಿಗೆ ಅಂಚು ಮಾಡಿ ತಿರುಗಿಸಬೇಕು ಅಂದೆ. "ರಾಗಿ ತೂರುವಾಗ ಮೊರ ಹಿಡಿದ ಹಾಗೆ" ಅಂದಳು. "ಅಡ್ಡ ಹಿಡಿದರೆ ಕೈ ಎಳೆಯುತ್ತೆ, ಅಂಚು ತಿರುಗಿಸಿದರೆ ಸುಮ್ಮನಾಗುತ್ತೆ." ಅಷ್ಟೇ ವಿಷಯ.

ಈಗ ನಿನ್ನ ತಪ್ಪಿನ ಮಾತಿಗೆ ಬರುತ್ತೇನೆ. ನೀನು ಹೈಸ್ಕೂಲಲ್ಲಿದ್ದಾಗ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆಗೆ ಕರೆದುಕೊಂಡು ಹೋಗಿದ್ದೆನಲ್ಲ, ನಂಜನಗೂಡು ರಸ್ತೆ ಪಕ್ಕ ನಿಂತು ಎಟಿಆರ್ ಇಳಿಯುವುದನ್ನು ನೋಡಿದೆವು. ಎರಡು ಪ್ರೊಪೆಲ್ಲರಿನ ವಿಮಾನ. ನೀನು ವಾಪಸ್ ಬರುವಾಗ ಶ್ರೀರಂಗಪಟ್ಟಣದವರೆಗೂ ಮಾತೇ ಆಡಲಿಲ್ಲ. ಅಂಥದ್ದೇ ಎಟಿಆರ್ 72 ವಿಮಾನ 2015ರ ಫೆಬ್ರವರಿ 4ರಂದು ತೈವಾನಿನ ತೈಪೆಯಿಂದ ಮೇಲೆದ್ದಿತು. ಬಲಗಡೆ ಇಂಜಿನ್ನಿನ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು. ಕ್ಯಾಪ್ಟನ್ ಹಿಂದೆ ವಾಯುಪಡೆಯಲ್ಲಿ ಹಾರಿಸಿದ್ದವರು. ಅವರು ಎಡಗಡೆಯ, ಚೆನ್ನಾಗಿದ್ದ ಇಂಜಿನ್ನಿನ ಪವರ್ ಇಳಿಸಿ ಅದನ್ನೇ ನಿಲ್ಲಿಸಿಬಿಟ್ಟರು. ವಿಮಾನ ನದಿಗೆ ಬಿತ್ತು. ಒಳಗಿದ್ದ 58 ಜನರಲ್ಲಿ 43 ಜನ ಹೋದರು. 1989ರ ಜನವರಿಯಲ್ಲಿ ಇಂಗ್ಲೆಂಡಿನಲ್ಲೂ ಹೀಗೇ ಒಳ್ಳೆಯ ಇಂಜಿನ್ ನಿಲ್ಲಿಸಿದ ಬೋಯಿಂಗ್ 737 ಬಿದ್ದು 47 ಜನ ತೀರಿಕೊಂಡರು.

ಹೆದರಿಸಲು ಬರೆದಿದ್ದಲ್ಲ. ಸಾವಿರಾರು ಗಂಟೆ ಹಾರಿದವರ ಕೈ ಹೋದ ಕಡೆಗೇ ನಿನ್ನ ಕೈಯೂ ಹೋಯಿತು. ನಿನ್ನದು ದಡ್ಡತನ ಅಲ್ಲ, ಆತುರ. ಗಾಬರಿಯಲ್ಲಿ ಕೈ ತಾನಾಗಿ ಓಡುತ್ತದೆ. ನನ್ನ ಕೈಯೂ ಚಾಟಿಗೆ ಓಡಿತ್ತು. ನಿನ್ನ ಕೈ ಓಡಿದಾಗ ಪಕ್ಕದಲ್ಲಿ ಮಣಿಕಟ್ಟು ಹಿಡಿಯುವವರು ಇದ್ದರು. ಇಂಥ ತಪ್ಪು ಆಗಬೇಕಾದ ಜಾಗ ತರಬೇತಿಯೇ ಅಲ್ವಾ?

ನಿನ್ನ ಪುಸ್ತಕದಲ್ಲೇ ಇದಕ್ಕೆ ದಾರಿ ಇದೆ. ಯಾವ ಕಾಲು ಕೆಲಸ ಮಾಡದೆ ಸುಮ್ಮನಿದೆಯೋ ಆ ಕಡೆ ಇಂಜಿನ್ ಸತ್ತಿದೆ. ಅದನ್ನು ಬಾಯಿಬಿಟ್ಟು ಹೇಳು. ಹೇಳಿದ ಮೇಲೂ ಸ್ವಿಚ್ಚು ಮುಟ್ಟಬೇಡ. ಆ ಕಡೆಯ ಪವರ್ ಲಿವರನ್ನು ನಿಧಾನವಾಗಿ ಹಿಂದಕ್ಕೆ ಎಳೆ. ಸದ್ದು ಬದಲಾಗಲಿಲ್ಲ, ಮೂಗು ಅಲ್ಲಾಡಲಿಲ್ಲ ಅಂದರೆ ಸತ್ತಿರುವುದು ಅದೇ. ಬದಲಾದರೆ ನೀನು ಮುಟ್ಟಿರುವುದು ಬದುಕಿರುವ ಇಂಜಿನ್, ಲಿವರ್ ಮುಂದಕ್ಕೆ ತಳ್ಳಿಬಿಡು, ಏನೂ ಕೆಟ್ಟಿಲ್ಲ. ನೀನು ಬಿಟ್ಟಿದ್ದು ಈ ಒಂದು ಮೆಟ್ಟಿಲು. ರೂಮಿನಲ್ಲಿ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಕಾಲು, ಬಾಯಿ, ಲಿವರ್, ಆಮೇಲೆ ಸ್ವಿಚ್ಚು ಅಂತ ದಿನಾ ಮಾಡು. ನೂರು ಸಲ ಮಾಡು.

ಆತುರ ಯಾಕೆ ಬಂತು ಅಂತಲೂ ನನಗೆ ಗೊತ್ತು ಪುಟ್ಟಿ. ಎರಡು ಇಂಜಿನ್ನಿನ ವಿಮಾನದ ಒಂದೊಂದು ಗಂಟೆಗೆ ಎಷ್ಟು ದುಡ್ಡು ಅಂತ ನೀನು ಡೈರಿಯ ಹಿಂದಿನ ಪುಟದಲ್ಲಿ ಬರೆದಿಡುತ್ತೀಯ. ಹೋದ ಸಲ ಬಂದಾಗ ನೋಡಿದೆ. ಒಂದು ಸಾರ್ಟಿ, ಅಂದರೆ ಒಂದು ಸಲದ ಹಾರಾಟ, ಮತ್ತೆ ಮಾಡಬೇಕಾಗಿ ಬಂದರೆ ಅದರ ಪಕ್ಕ ಕೆಂಪು ಇಂಕಿನಲ್ಲಿ ಗುರುತು. ಕೆಳಗೆ ನಮ್ಮ ನಾಲ್ಕು ಎಕರೆಯ ಸಾಲದ ಲೆಕ್ಕ. ಆ ಪುಟವನ್ನು ಹರಿದು ನನಗೆ ಕಳಿಸು. ಜಮೀನು ಅಡ ಇಟ್ಟು ಸಹಿ ಹಾಕಿದವನು ನಾನು, ಲೆಕ್ಕ ನನ್ನ ಹತ್ತಿರ ಇರಲಿ. ಅದು ನಿನ್ನ ತಲೆಯಲ್ಲಿದ್ದರೆ ನಿನ್ನ ಕೈಯನ್ನು ಓಡಿಸುತ್ತದೆ. ಇನ್ನೆರಡು ಸಾರ್ಟಿ ಜಾಸ್ತಿ ಬೇಕು ಅಂತ ಇನ್‌ಸ್ಟ್ರಕ್ಟರ್ ಅಂದರೆ ಜಾಸ್ತಿ ಮಾಡು, ನಾಲ್ಕು ಅಂದರೆ ನಾಲ್ಕು. ಈ ವರ್ಷ ಕಬ್ಬು ಚೆನ್ನಾಗಿ ಬಂದಿದೆ. ಬರದಿದ್ದರೂ ಇದನ್ನೇ ಬರೆಯುತ್ತಿದ್ದೆ.

ಹೆಣ್ಣುಮಕ್ಕಳು ಹಿಂದೆ ಯಾರಾದರೂ ಇಂಥದ್ದು ಓಡಿಸಿದ್ದಾರಾ ಅಂತ ಪಕ್ಕದ ಮನೆಯಲ್ಲಿ ಯಾರೋ ಅಮ್ಮನನ್ನು ಕೇಳಿದರಂತೆ. ಅವಳು ಬಂದು ನನ್ನನ್ನು ಕೇಳಿದಳು. ಉಷಾ ಸುಂದರಂ ಅವರ ಬಗ್ಗೆ ಹೇಳಿದೆ. 1949ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿದ್ದ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲಿ ಕಲಿತು ಪೈಲಟ್ ಆದವರು. ಗಂಡನ ಜೊತೆ ನಮ್ಮ ಮೈಸೂರು ಮಹಾರಾಜರ ಡಕೋಟಾ ವಿಮಾನ ಹಾರಿಸಿದರು. ಡವ್ ಅನ್ನುವ ವಿಮಾನವನ್ನು ಇಂಗ್ಲೆಂಡಿನಿಂದ ಮುಂಬೈಗೆ 27 ಗಂಟೆಯಲ್ಲಿ ತಂದರು. ಡಕೋಟಾಗೂ ಎರಡು ಇಂಜಿನ್, ಡವ್‌ಗೂ ಎರಡೇ. ಅಮ್ಮ ಇದನ್ನು ಪಕ್ಕದ ಮನೆಗೆ ಹೋಗಿ ಹೇಳಿ ಬಂದಳು, ಎರಡು ಸಲ.

ಪಾರ್ಸೆಲ್‌ನಲ್ಲಿ ಚಟ್ನಿಪುಡಿ, ನಿಪ್ಪಟ್ಟು ಇದೆ. ಸಣ್ಣ ಡಬ್ಬಿಯಲ್ಲಿರುವುದು ನಮ್ಮ ಆಲೆಮನೆಯ ಹೊಸ ಬೆಲ್ಲ, ಇನ್‌ಸ್ಟ್ರಕ್ಟರಿಗೆ ಕೊಡು. ನಿನ್ನ ಮಣಿಕಟ್ಟು ಹಿಡಿದ ಕೈಗೆ ನನ್ನ ನಮಸ್ಕಾರ ಹೇಳು.

ಬುಧವಾರ ಮತ್ತೆ ಸಾರ್ಟಿ ಇದೆಯಂತೆ. ಸಂಜೆ ಫೋನ್ ಮಾಡು. ಚೆನ್ನಾಗಾಯಿತಾ ಅಂತ ನಾನು ಕೇಳುವುದಿಲ್ಲ. ಯಾವ ಕಾಲು ಒತ್ತಿದೆ, ಯಾವ ಲಿವರ್ ಎಳೆದೆ, ಎಷ್ಟು ಹೊತ್ತು ಕಾದೆ ಅಂತ ಹೇಳು. ನಾನು ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತೇನೆ.

ನಿನ್ನ
ಅಪ್ಪ