ಎಂಜಿನ್ ಬಿಚ್ಚಿಸಬೇಡ, ನಾನು ಬರುತ್ತೇನೆ

ಯವ್ವಾ,

ನಿನ್ನೆ ರಾತ್ರಿ ಫೋನ್‌ನಲ್ಲಿ ಎಲ್ಲದಕ್ಕೂ ಹ್ಞೂಂ ಹ್ಞೂಂ ಅಂದೆ. ನೀನು ಹಾಗೆ ಹ್ಞೂಂಗುಟ್ಟಿದರೆ ಅರ್ಧವೂ ಕಿವಿಗೆ ಬಿದ್ದಿಲ್ಲ ಅಂತಲೇ ಅರ್ಥ, ಹೆತ್ತವಳಿಗೆ ಅಷ್ಟೂ ಗೊತ್ತಾಗಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಚಹಾ ಕುಡಿಯುತ್ತಾ ನಿಧಾನಕ್ಕೆ ಓದು.

ಗಾಡಿ ತಗೊಂಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೇಳದೆ ತಗೊಂಡೆ ಅಂತ ಸ್ವಲ್ಪ ಇತ್ತು, ಫೋಟೋ ನೋಡಿದ ಮೇಲೆ ಅದೂ ಹೋಯಿತು. 2009ರ ಸ್ಪ್ಲೆಂಡರ್, ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತ ಇದೆ. 2011ರಲ್ಲಿ ಕಂಪನಿ ಹೆಸರು ಹೀರೋ ಮೋಟೋಕಾರ್ಪ್ ಆಯಿತು, ಆಮೇಲೆ ನಿಧಾನಕ್ಕೆ ಈ ಎರಡು ಹೆಸರು ಒಟ್ಟಿಗೆ ಬರುವುದು ನಿಂತಿತು. ಬೆಳಗಾವಿಯ ಶಹಾಪುರದಿಂದ ಮಚ್ಛೆಗೆ ದಿನಾ ಹೋಗಿ ಬರೋಕೆ ಇಷ್ಟು ಸಾಕು. 97 ಸಿಸಿ, ನಾಲ್ಕು ಗೇರು, ಬಿಡಿಭಾಗ ಯಾವ ಹಳ್ಳಿಯಲ್ಲಾದರೂ ಸಿಗುತ್ತವೆ. ನೀನೇನೂ ರೇಸ್‌ಗೆ ಹೋಗಬೇಕಿಲ್ಲವಲ್ಲ.

ಆದರೆ ಗ್ಯಾರೇಜಿನವನು ನೋಡಿದ ಕೂಡಲೇ ಎಂಜಿನ್ ಇಳಿಸಬೇಕು, 9,000 ಆಗುತ್ತದೆ ಅಂದನಂತಲ್ಲ, ಅದಕ್ಕೆ ಮಾತ್ರ ಒಪ್ಪಬೇಡ. ಎಂಜಿನ್ ಬಿಚ್ಚಿದ ಮೇಲೆ ತಪ್ಪು ಎಲ್ಲಿತ್ತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ನಾನು ಒಂದು ಸಲ ಹೀಗೇ ದುಡ್ಡು ಕಳಕೊಂಡವಳು.

ಆಗ ನೀನು ಇನ್ನೂ ಎರಡನೇ ಇಯತ್ತೆ. ನಿಮ್ಮಪ್ಪನಿಗೆ ಕಡೆಯವರೆಗೂ ಗಾಡಿ ಹೊಡೆಯೋಕೆ ಬರಲಿಲ್ಲ, ಸೈಕಲ್ ಮೇಲೇ ಇದ್ದರು, ಹೀಗಾಗಿ ಮನೆಗೆ ಬಂದ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ನನ್ನ ಪಾಲಿಗೆ ಬಂತು. ಸೀರೆ ಬಿಟ್ಟು ಚೂಡಿದಾರ ಹಾಕಿದೆ ಅಂತ ನಿಮ್ಮಜ್ಜಿ ಒಂದು ವಾರ ಮಾತಾಡಿಸಲಿಲ್ಲ. ನವನಗರದಿಂದ ಕಲಾದಗಿ ಕಡೆ ಹಳ್ಳಿಗಳಿಗೆ ಲಸಿಕೆ ಡಬ್ಬಿ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೆ. ಡಬ್ಬಿಯೊಳಗೆ ನಾಲ್ಕು ಐಸ್ ಪ್ಯಾಕ್, ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಏಪ್ರಿಲ್ ಬಿಸಿಲು. ನವನಗರ ಬಿಟ್ಟು ಹತ್ತು ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಗಾಡಿ ಗುಕ್ ಗುಕ್ ಅಂದು ಬಂದ್ ಬೀಳುತ್ತಿತ್ತು. ಕಿಕ್ ಹೊಡೆದು ಹೊಡೆದು ಕಾಲು ಸೋಲಬೇಕು. ಜಾಲಿ ಗಿಡದ ನೆರಳಿನಲ್ಲಿ ಹತ್ತು ನಿಮಿಷ ಕೂತು, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ಅಂತ ಮುಚ್ಚಳ ತೆಗೆದು ನೋಡಿ, ಮತ್ತೆ ಕಿಕ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಒಂದೇ ಏಟಿಗೆ ಸ್ಟಾರ್ಟ್. ಮುಂದೆ ಮತ್ತೆ ಹತ್ತು ಕಿಲೋಮೀಟರ್, ಮತ್ತೆ ಬಂದ್.

ಊರಲ್ಲಿ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. "ಅಕ್ಕಾರ, ಬಿಸಿ ಆದಕೂಡಲೇ ನಿಲ್ಲತೈತಿ ಅಂದ್ರ ಬೋರ್ ಹೋಗೇತ್ರಿ" ಅಂದ. ಬೋರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ. ನಂಬಿದೆ. ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿ, ಆಗಿನ ಕಾಲದ 4,200 ರೂಪಾಯಿ ತಗೊಂಡ. ಮರುದಿನ ಅದೇ ಜಾಲಿ ಗಿಡ, ಅದೇ ನಾನು. ಡಬ್ಬಿ ಮೇಲೆ ನನ್ನ ಓಢಣಿ ಹೊದಿಸಿ ಕೂತಿದ್ದೆ ನೋಡು, ಅಳುವೇ ಬಂದಿತ್ತು.

ಕಡೆಗೆ ಹಿಡಿದಿದ್ದು ಪಂಕ್ಚರ್ ಅಂಗಡಿಯ ಒಬ್ಬ ಮುದುಕ. ಅವನು ಎಂಜಿನ್ ಕಡೆ ನೋಡಲೇ ಇಲ್ಲ. "ಟಾಕಿ ಮುಚ್ಚಳ ತಗೀ ಯವ್ವಾ" ಅಂದ. ತೆಗೆದೆ. ಸ್ಸ್ ಅಂತ ಗಾಳಿ ಒಳಗೆ ಎಳೆದ ಸದ್ದು ಬಂತು. "ಗಾಡಿಗೆ ಉಸಿರು ಕಟ್ಟೇತಿ, ಅಷ್ಟ" ಅಂದ. ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಇಳಿದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದೇ ನಿಂತುಹೋಗುತ್ತದೆ. ನಮ್ಮ ಎರೆಮಣ್ಣಿನ ಧೂಳು ಅದರಲ್ಲಿ ಕೂತು ಗಟ್ಟಿಯಾಗಿತ್ತು. ನಾನು ಪೆಟ್ರೋಲ್ ನೋಡೋಕೆ ಅಂತ ಮುಚ್ಚಳ ತೆಗೆಯುತ್ತಿದ್ದೆನಲ್ಲ, ಗಾಡಿ ಸ್ಟಾರ್ಟ್ ಆಗುತ್ತಿದ್ದುದು ಅದಕ್ಕೇ, ತಣ್ಣಗಾಗಿದ್ದಕ್ಕಲ್ಲ! ಅವನು ಪಿನ್ನಿನಿಂದ ಚುಚ್ಚಿ, ಬಾಯಿಂದ ಊದಿ ಕೊಟ್ಟ. ದುಡ್ಡು ಬೇಡ ಅಂದ.

ಅವತ್ತಿಂದ ಪಾನಾ ನಾನೇ ಹಿಡಿದೆ.

ಈಗ ನಿನ್ನ ಗಾಡಿಗೆ ಬರೋಣ. ನೀನು ಹೇಳಿದ್ದು ಮೂರು. ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಆರ್‌ಪಿಡಿ ಕ್ರಾಸ್‌ನಲ್ಲಿ ನಿಂತರೆ ತಾನಾಗೇ ಬಂದ್ ಆಗುತ್ತದೆ. ಹಿಂದೆ ನೀಲಿ ಹೊಗೆ. ಮೂರೂ ಒಂದೇ ರೋಗ ಅಂತ ನಿನ್ನ ಗ್ಯಾರೇಜಿನವನು ಹೇಳುತ್ತಾನೆ, ನನಗೆ ಹಾಗನ್ನಿಸುವುದಿಲ್ಲ.

ಹೊಗೆಯಿಂದ ಶುರು ಮಾಡುತ್ತೇನೆ, ಯಾಕಂದರೆ ಅವನು ನಿನ್ನನ್ನು ಹೆದರಿಸಿದ್ದು ಅದರಿಂದಲೇ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ಅದು ಖರೆ. ಆದರೆ ಯಾವಾಗ ಸುಡುತ್ತದೆ ಅನ್ನೋದನ್ನು ನೋಡಬೇಕು. ಬೆಳಗ್ಗೆ ಮೊದಲು ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂದು ಆಮೇಲೆ ತಿಳಿಯಾದರೆ ಹೆಚ್ಚಾಗಿ ವಾಲ್ವ್ ಸೀಲ್ ಸೊರಗಿರುತ್ತದೆ. ಸಣ್ಣ ರಬ್ಬರ್ ಸೀಲು, ಅದಕ್ಕೆ ಬೋರ್ ಮಾಡಿಸೋದು ಬೇಕಿಲ್ಲ. ಗಾಡಿ ಬಿಸಿಯಾದ ಮೇಲೂ, ರೇಸ್ ಕೊಟ್ಟಾಗಲೆಲ್ಲ, ಹಿಂದೆ ಬರುವವರು ಮೂಗು ಮುಚ್ಚುವ ಹಾಗೆ ಬಂದರೆ ಆಗ ರಿಂಗ್ ಬಗ್ಗೆ ಯೋಚಿಸಬಹುದು. ಗೆಳತಿಯೊಬ್ಬಳನ್ನು ಹಿಂದೆ ಸ್ಕೂಟಿಯಲ್ಲಿ ಬರೋಕೆ ಹೇಳು, ಅವಳು ನೋಡಲಿ. ಕಪ್ಪು ಹೊಗೆ ಬೇರೆ, ಅದು ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ. ಇನ್ನು ಮಳೆಗಾಲದ ಬೆಳಗ್ಗೆ ಬಿಳಿ ಹಬೆ ಬಂದರೆ ಸುಮ್ನೆ ಬಿಡು, ಸೈಲೆನ್ಸರ್‌ನ ತೇವ.

ಆಯಿಲ್ ಎಷ್ಟಿದೆ ಅಂತ ನೋಡಿದೆಯಾ? ಡಬಲ್ ಸ್ಟ್ಯಾಂಡ್ ಹಾಕು, ಎರಡು ನಿಮಿಷ ಓಡಿಸಿ ಬಂದ್ ಮಾಡು, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು ಒರೆಸಿ ಮತ್ತೆ ಇಳಿಸು. ತಿರುಗಿಸಿ ಬಿಗಿ ಮಾಡಬೇಡ, ಸುಮ್ನೆ ಇಳಿಸಿ ತೆಗೆದು ನೋಡು. ಹಳೆಯ ಮಾಲೀಕ ಯಾವಾಗ ಬದಲಿಸಿದ್ದನೋ, ಏನು ಹಾಕಿದ್ದನೋ. ಅದಕ್ಕೆ ಒಂದು ಸಲ ಪೂರ್ತಿ ಇಳಿಸಿ ಹೊಸದು ಹಾಕಿಬಿಡೋಣ, 900 ಎಂಎಲ್ ಡಬ್ಬಿ ಒಂದು ಸಾಕು, ಕಡ್ಡಿಯ ಗುರುತು ನೋಡಿಕೊಂಡು ಹಾಕೋಣ. ಒಂದು ಲೀಟರ್ ಡಬ್ಬಿ ತಂದು ಪೂರ್ತಿ ಸುರಿಯುವವರು ಇದ್ದಾರೆ, ನೋಡುತ್ತಾ ನಿಲ್ಲು. ಕಾರಿಗೆ ಹಾಕುವ ಆಯಿಲ್ ಮಾತ್ರ ಬೇಡ. ಬೈಕ್‌ನ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನದು ಹಾಕಿದರೆ ಪ್ಲೇಟ್ ಜಾರುತ್ತದೆ, ಆಗ ರೇಸ್ ಕೊಟ್ಟರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ.

ಸಿಗ್ನಲ್‌ನಲ್ಲಿ ಬಂದ್ ಆಗುವುದು ನನ್ನ ಲೆಕ್ಕದಲ್ಲಿ ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಗಾಡಿ ಮಾರುವ ಮೊದಲು ಆತ ಎಂಟು ತಿಂಗಳು ನಿಲ್ಲಿಸಿಟ್ಟಿದ್ದ ಅಂದೆಯಲ್ಲ, ಅಲ್ಲೇ ಇದೆ ಸುಳಿವು. ನಿಂತ ಪೆಟ್ರೋಲ್ ಆರಿ ಅಂಟಂಟಾಗುತ್ತದೆ. ಕಾರ್ಬೊರೇಟರ್ ಒಳಗೆ ಸ್ಲೋ ಜೆಟ್ ಅಂತ ಒಂದಿದೆ, ಅದರ ತೂತು ಕೂದಲಿನಷ್ಟು. ರೇಸ್ ಕೊಡದೆ ನಿಂತಾಗ ಎಂಜಿನ್‌ಗೆ ಪೆಟ್ರೋಲ್ ಬರುವುದು ಅದರಿಂದಲೇ. ಅದು ಕಟ್ಟಿಕೊಂಡರೆ ಓಡುವಾಗ ಚೆನ್ನಾಗಿ ಓಡುತ್ತದೆ, ನಿಂತ ಕೂಡಲೇ ಸಾಯುತ್ತದೆ. ನಿನಗೆ ಆಗುತ್ತಿರುವುದು ಇದೇ ಅಲ್ವಾ? ಬಿಚ್ಚಿ ತೊಳೆದು ಗಾಳಿ ಹೊಡೆಸಿದರೆ ಆಯಿತು. ತಂತಿ ಹಾಕಿ ಚುಚ್ಚಲು ಬಿಡಬೇಡ. ಮುಚ್ಚಳದ ತೂತಿಗೆ ಪಿನ್ ನಡೆಯುತ್ತದೆ, ಜೆಟ್ ತೂತು ಒಂದು ಸಲ ಅಗಲವಾದರೆ ಮುಗಿಯಿತು. ಏರ್ ಫಿಲ್ಟರ್ ಕೂಡ ಆಗಲೇ ಬದಲಿಸೋಣ. ನಿಂತಾಗಿನ ಎಂಜಿನ್ ವೇಗ ಹೊಂದಿಸುವ ಐಡಲ್ ಸ್ಕ್ರೂ ತಿರುಗಿಸಿ ಸದ್ದು ಜಾಸ್ತಿ ಮಾಡಿ ಕಳಿಸಿಬಿಡುತ್ತಾರೆ ಕೆಲವರು, ಅದು ಜ್ವರಕ್ಕೆ ಮಾತ್ರೆ ಕೊಟ್ಟು ಜ್ವರ ಯಾಕೆ ಬಂತು ಅಂತ ನೋಡದ ಹಾಗೆ, ನಮ್ಮ ಕಡೆ ಅಂಥ ಡಾಕ್ಟರೂ ಇದ್ದರು.

ಪೆಟ್ರೋಲ್ ವಿಷಯದಲ್ಲಿ ಇನ್ನೊಂದು. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ ಇಪ್ಪತ್ತರವರೆಗೂ ಎಥೆನಾಲ್ ಸೇರಿಸುತ್ತಾರೆ. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಯ ಕಬ್ಬಿಗೂ ಅದರಲ್ಲಿ ಪಾಲಿದೆ, ಬೈಯೋ ಹಾಗಿಲ್ಲ. ಆದರೆ ನಿನ್ನ ಗಾಡಿ ಹುಟ್ಟಿದಾಗ ಇಷ್ಟು ಎಥೆನಾಲ್ ಇರಲಿಲ್ಲ. ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಹಾಳು ಮಾಡುತ್ತದೆ. ಪೈಪ್ ಬಿರುಕು ಬಿಟ್ಟಿದೆಯಾ, ಕೈ ಹಚ್ಚಿದರೆ ಒದ್ದೆ ಇದೆಯಾ ನೋಡು. ರಾತ್ರಿ ನಿಲ್ಲಿಸುವಾಗ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಆಫ್ ಮಾಡು.

ಬೆಳಗ್ಗೆಯ ಕಷ್ಟಕ್ಕೆ ಮೊದಲು ನಿನ್ನನ್ನೇ ಒಂದು ಕೇಳುತ್ತೇನೆ, ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುವಂತೆ ಮಾಡುವ ಚೋಕ್ ಎಳೆಯುತ್ತೀಯಾ? ನಗಬೇಡ. ಸ್ಕೂಟಿ ಹೊಡೆದು ಕಲಿತವರಿಗೆ ಚೋಕ್ ಇದೆ ಅನ್ನೋದೇ ನೆನಪಿರುವುದಿಲ್ಲ. ಎಳೆದೂ ಆಗದಿದ್ದರೆ ಎಂಜಿನ್‌ಗೆ ಕಿಡಿ ಕೊಡುವ ಪ್ಲಗ್ ಬಿಚ್ಚು. ಮೊದಲು ಮೂತಿ ನೋಡು. ಕಂದು ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಇಲ್ಲವೇ ಗಾಳಿ ಕಡಿಮೆ. ಜಿಡ್ಡು ಜಿಡ್ಡಾಗಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಆಗ ಗ್ಯಾರೇಜಿನವನ ಮಾತಿಗೆ ಸ್ವಲ್ಪ ಬೆಲೆ ಕೊಡೋಣ. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಲೋಹಕ್ಕೆ ತಾಗಿಸಿ ಇಟ್ಟು ಕಿಕ್ ಹೊಡೆ, ನೀಲಿ ಕಿಡಿ ಟಕ್ ಟಕ್ ಅನ್ನಬೇಕು. ಪ್ಲಗ್ ಇದ್ದ ತೂತಿನಿಂದ, ಕಾರ್ಬೊರೇಟರ್‌ನಿಂದ ದೂರ ಇಟ್ಟು ನೋಡು, ಪೆಟ್ರೋಲ್ ಹಬೆ ಇರುತ್ತದೆ. ಬ್ಯಾಟರಿ ಬದಲಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಇದು ಕಿಕ್ಕಿನ ಗಾಡಿ, ಕಿಡಿಗೆ ಕರೆಂಟ್ ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್‌ನಿಂದ ಬರುತ್ತದೆ. ಬ್ಯಾಟರಿ ಸತ್ತರೆ ಹಾರ್ನ್, ಇಂಡಿಕೇಟರ್ ಸಾಯುತ್ತವೆ, ಗಾಡಿ ಸಾಯುವುದಿಲ್ಲ.

ನಿನ್ನ ಊರಿನ ಮಳೆ ಬೇರೆ. ಇಲ್ಲಿ ಪುನರ್ವಸು ಮಳೆ ಅಂತ ಮೋಡ ನೋಡುತ್ತಾ ಕೂತಿದ್ದೇವೆ, ಅಲ್ಲಿ ನೀನು ಮೂರು ದಿನದಿಂದ ಬಟ್ಟೆ ಒಣಗಿಲ್ಲ ಅನ್ನುತ್ತೀಯ. ನನ್ನ ಗಾಡಿಗೆ ಧೂಳು ಶತ್ರು, ನಿನ್ನದಕ್ಕೆ ನೀರು. ಪ್ಲಗ್ ಕ್ಯಾಪ್, ಅದರ ವೈರ್ ಬಿರುಕು ಬಿಟ್ಟಿದ್ದರೆ ಮಳೆಯಲ್ಲಿ ಕಿಡಿ ಅಡ್ಡದಾರಿ ಹಿಡಿಯುತ್ತದೆ. ರಾತ್ರಿ ದೀಪ ಆರಿಸಿ ಗಾಡಿ ಸ್ಟಾರ್ಟ್ ಮಾಡಿ ನೋಡು, ವೈರ್ ಮೇಲೆ ಸಣ್ಣ ನೀಲಿ ಮಿಂಚು ಓಡಾಡಿದರೆ ಸಿಕ್ಕಿತು ಕಳ್ಳ.

ಇಷ್ಟೆಲ್ಲ ಹೇಳಿದೆ, ಆದರೆ ನನ್ನ ಕೈಯಲ್ಲಿ ದುಡ್ಡು ಕೊಟ್ಟರೆ ಎಂಜಿನ್‌ಗೆ ಮೊದಲು ಖರ್ಚು ಮಾಡುವುದೇ ಇಲ್ಲ. ಸ್ಟಾರ್ಟ್ ಆಗದ ಗಾಡಿ ನಿನ್ನನ್ನು ಆಫೀಸಿಗೆ ತಡ ಮಾಡುತ್ತದೆ, ಅಷ್ಟೇ. ನಿಲ್ಲದ ಗಾಡಿ ಬೇರೆ. ಎರಡೂ ಬ್ರೇಕ್ ಶೂ ಹೊಸದು. ಟಯರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, 2314 ಅಂತಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರ್ ಕಲ್ಲಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ನಿನ್ನದರ ಅಂಕಿ ಓದಿ ಹೇಳು. ಟಯರ್ ಗಾಳಿ ಮುಂದೆ 25 ಪಿಎಸ್‌ಐ, ಒಬ್ಬಳೇ ಹೋಗುವಾಗ ಹಿಂದೆ 28. ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಗಾಲಿ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸು, ನಡುವೆ ಟಕ್ ಅಂತ ಕೂತರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಚೈನನ್ನು ಹಿಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಮೇಲೆ ಹಿಡಿದು ಹಿಂದಕ್ಕೆ ಎಳೆ, ಹಲ್ಲು ಅರ್ಧ ಕಂಡರೆ ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಬೇಕು. ಒಂದೊಂದೇ ಬದಲಿಸಿದರೆ ಹಳೆಯದು ಹೊಸದನ್ನು ತಿಂದುಹಾಕುತ್ತದೆ. ಮತ್ತೆ, ನೀರಿನ ಗುಂಡಿ ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಡ್ರಮ್ ಒಳಗೆ ನೀರು ಹೋಗಿರುತ್ತದೆ. ಮೆಲ್ಲಗೆ ಓಡಿಸುತ್ತಾ ಎರಡು ಮೂರು ಸಲ ಹಗುರಾಗಿ ಒತ್ತಿ ಒಣಗಿಸು.

ಕಾಗದಪತ್ರ. 2009ರ ಗಾಡಿಗೆ ಹದಿನೈದು ವರ್ಷ 2024ಕ್ಕೇ ಮುಗಿದಿದೆ. ಆರ್‌ಸಿಯನ್ನು ಹಳೆಯ ಮಾಲೀಕ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದಾನಾ ನೋಡು, ಮಾಡಿಸಿಲ್ಲ ಅಂದರೆ ಬಾಕಿ ದುಡ್ಡು ಕೊಡಬೇಡ. ನಿನ್ನ ಹೆಸರಿಗೆ ವರ್ಗ ಆಗುವವರೆಗೆ ಗಾಡಿ ನಿನ್ನದಲ್ಲ. ಇನ್ಶೂರೆನ್ಸ್, ಎಮಿಷನ್, ಹೊಸ ನಂಬರ್ ಪ್ಲೇಟ್, ಇವು ನಿನಗೇ ಗೊತ್ತು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪ್ಲಗ್ ಪಾನಾ, 10-12, ಸ್ಕ್ರೂಡ್ರೈವರ್ ನಾನೇ ತರುತ್ತೇನೆ. ನೀನು ಒಂದು ಹೊಸ ಪ್ಲಗ್, 900 ಎಂಎಲ್ ಆಯಿಲ್, ಹಳೆಯ ಕಾಟನ್ ಬಟ್ಟೆ ತೆಗೆದಿಡು. ನಿನ್ನ ಓನರ್ ಆಂಟಿಗೆ ಹೇಳಿಬಿಡು, ಅಂಗಳದಲ್ಲಿ ಸ್ವಲ್ಪ ಎಣ್ಣೆ ಚೆಲ್ಲಬಹುದು, ನಾನೇ ಒರೆಸಿಕೊಡುತ್ತೇನೆ, ಅವರಿಗೆ ಅಂತ ಖಡಕ್ ರೊಟ್ಟಿ ಶೇಂಗಾ ಚಟ್ನಿ ಕಟ್ಟಿದ್ದೇನೆ. ಅಲ್ಲಿಯವರೆಗೆ ಗ್ಯಾರೇಜಿನವನು ಫೋನ್ ಮಾಡಿದರೆ ಅವ್ವ ಬರುತ್ತಾಳೆ ಅಂತಷ್ಟೇ ಹೇಳು.

ಟಯರಿನ ನಾಲ್ಕು ಅಂಕಿ ಇವತ್ತೇ ಕಳಿಸು.

ನಿನ್ನ ಅವ್ವ
ನವನಗರ, ಬಾಗಲಕೋಟೆ