ಹರಗೋಲು ದಾಟಿದ ದೋಸ್ತನಿಗೆ

ಲೇ ದೋಸ್ತ,

ಆನೆಗೊಂದಿ ಹರಗೋಲಿನಲ್ಲಿ ನೀನು ವೈನಿಗೆ ಮನಸೋತ ಕಥೆಗೆ ಕೊನೆಗೂ ವಿಜ್ಞಾನದ ಆಧಾರ ಸಿಕ್ಕಿತು. ನಾಲ್ಕು ಜನ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. ವೈನಿ ಓದಿದರೂ ಅಡ್ಡಿಯಿಲ್ಲ.

ಕೆನಡಾದ ಕ್ಯಾಪಿಲಾನೊ ನದಿಯ ಮೇಲೆ ತೂಗಾಡುವ ಸೇತುವೆಯೊಂದಿದೆ. ಕೆಳಗೆ ನೋಡಿದರೆ ತಲೆ ತಿರುಗಬೇಕು. ಡಟನ್ ಮತ್ತು ಆರನ್ ಅನ್ನೋ ಮನಶ್ಶಾಸ್ತ್ರಜ್ಞರು ಅಲ್ಲಿ ಒಬ್ಬ ಯುವತಿಯನ್ನು ನಿಲ್ಲಿಸಿದರು. ಅವಳು ದಾಟುವ ಗಂಡಸರಿಗೆ ಏನೋ ಪ್ರಶ್ನೆ ಕೇಳಿ, ಫೋನ್ ನಂಬರ್ ಕೊಡುತ್ತಿದ್ದಳು. ಅಲುಗಾಡದ ಇನ್ನೊಂದು ಸೇತುವೆಯಲ್ಲೂ ಹೀಗೇ ಮಾಡಿ ನೋಡಿದರು. ಅಲ್ಲಿಯವರಿಗಿಂತ ತೂಗುಸೇತುವೆಯವರೇ ಆಮೇಲೆ ಜಾಸ್ತಿ ಫೋನ್ ಮಾಡಿದರು. ಹೆದರಿಕೆಗೆ ಎದೆ ಹೊಡೆದುಕೊಂಡರೂ ಅವಳಿಗಾಗಿಯೇ ಹೊಡೆದುಕೊಂಡಿತು ಅಂದುಕೊಂಡರಂತೆ. ಇದು ಪ್ರಕಟವಾಗಿದ್ದು 1974ರಲ್ಲಿ. ಈಜು ಬಾರದ ನಿನಗೆ ತುಂಗಭದ್ರೆಯ ನಡುವೆ ಆಗಿದ್ದೂ ಇದೇ ಅಲ್ವಾ? ಚಪ್ಪಲಿ ವಿಷಯ ನಾನು ಎತ್ತುವುದಿಲ್ಲ.

ನನ್ನದು ಇಷ್ಟು ರಂಗಿನ ಕಥೆ ಅಲ್ಲ. ಕೊಪ್ಪಳ–ಹೊಸಪೇಟೆ ದಿನಾ ಅಪ್-ಡೌನ್. ಗಿಣಿಗೇರಾದಲ್ಲಿ ಒಬ್ಬರು ಹತ್ತುತ್ತಾರೆ. ಒಂದು ಮಾತೂ ಆಡಿಲ್ಲ. ಈಗೀಗ ಅವರು ಬರದ ದಿನ, ನಿಲ್ಲಲು ಜಾಗ ಇಲ್ಲದಿದ್ದರೂ ಬಸ್ಸು ಖಾಲಿ ಅನಿಸುತ್ತದೆ. ಇದಕ್ಕೂ ಪ್ರಯೋಗ ಇದೆ. 1992ರಲ್ಲಿ ಮೋರ್‌ಲ್ಯಾಂಡ್, ಬೀಚ್ ಅನ್ನೋರು ಬರೆದದ್ದು. ನೋಡಲು ಹೆಚ್ಚುಕಡಿಮೆ ಒಂದೇ ಥರ ಇದ್ದ ನಾಲ್ವರು ಯುವತಿಯರು. ಮೂವರು ಒಂದು ಕಾಲೇಜು ಕ್ಲಾಸಿಗೆ 5, 10, 15 ಸಲ ಬಂದು ಸುಮ್ನೆ ಕೂತು ಹೋದರು. ಒಬ್ಬಳು ಬರಲೇ ಇಲ್ಲ. ಕೊನೆಗೆ ಕ್ಲಾಸಿನವರಿಗೆ ಫೋಟೊ ತೋರಿಸಿದರೆ, ಜಾಸ್ತಿ ಬಂದವಳೇ ಜಾಸ್ತಿ ಹಿಡಿಸಿದ್ದಳು. ಅಂದರೆ ನನ್ನ ಪ್ರೀತಿಗೆ ಕಾರಣ ಬಸ್ಸಿನ ಟೈಮಿಂಗು.

ಇಲ್ಲಿಗೇ ನಿಲ್ಲಿಸಬೇಕಿತ್ತು.

ಅವ್ವ ಸಿಂಧನೂರಿನ ಸಂಬಂಧ ತಂದಿದ್ದು ನಿನಗೆ ಗೊತ್ತು. ಫೋಟೊ ಆಯ್ತು, ನಂಬರೂ ಬಂತು. ಒಳ್ಳೆಯ ಹುಡುಗಿ, ಮೆಸೇಜ್ ಹಾಕಿದರೆ ತಕ್ಷಣ ಉತ್ತರ. ಒಂದು ರಾತ್ರಿ ಅವರಾಗಿಯೇ ‘ಊಟ ಆಯ್ತಾ?’ ಅಂತ ಕೇಳಿದರು. ನಾನು ಫೋನ್ ಮಗುಚಿಟ್ಟೆ. ಅವರಲ್ಲೇನು ಕಡಿಮೆ ಅಂತ ಅವ್ವ ಕೇಳಿದಳು. ಏನೂ ಇಲ್ಲ.

ಹೇಜನ್ ಮತ್ತು ಶೇವರ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ಬರೆದ ಮಾತೊಂದಿದೆ. ಸಾಕಿದವರ ಜೊತೆ ಮಗುವಿಗೆ ಬೆಳೆಯುವ ನಂಟಿನ ರೀತಿಯೇ ದೊಡ್ಡವರ ಪ್ರೀತಿಯಲ್ಲೂ ಕಾಣುತ್ತದಂತೆ. ಕೆಲವರು ಸಲೀಸಾಗಿ ಹತ್ತಿರವಾಗುತ್ತಾರೆ, ಕೆಲವರಿಗೆ ಬಿಟ್ಟು ಹೋಗುವರೆಂಬ ಭಯ, ಕೆಲವರು ಯಾರಾದರೂ ಹತ್ತಿರ ಬಂದರೆ ಹಿಂದೆ ಸರಿಯುತ್ತಾರೆ. ಓದುವಾಗ ಅಪ್ಪ ನೆನಪಾದ. ಬೆಂಗಳೂರಿಗೆ ಗುಳೆ ಹೋದವನು ಗವಿಮಠದ ಜಾತ್ರೆಗೆ ಬರುತ್ತಿದ್ದ. ಯಾವ ಬಸ್ಸಿಗೆ ಅಂತ ಗೊತ್ತಿರುತ್ತಿರಲಿಲ್ಲ. ಬಸ್ಸಿನ ಬಾಗಿಲು ನೋಡುತ್ತಾ ನಿಲ್ಲುವುದು ನನಗೆ ಚಿಕ್ಕಂದಿನಿಂದ ಬರುತ್ತದೆ. ಇಳಿದು ಬಂದು ಎದುರಿಗೆ ಕೂತವರ ಜೊತೆ ಏನು ಮಾತಾಡಬೇಕು ಅನ್ನೋದು ಬರುವುದಿಲ್ಲ. ಅಪ್ಪನ ಜೊತೆಗೂ ಬರಲಿಲ್ಲ.

ಇರಲಿ ಬಿಡು. ಒಗ್ಗರಣಿ-ಮಿರ್ಚಿ ಜಾಸ್ತಿ ಆಗಿದೆ, ಹೊಟ್ಟೆ ಉರಿ ಎದೆಗೇರಿರಬೇಕು. ಡಟನ್ ಸಾಹೇಬರೇ ಹೇಳಲಿಲ್ಲವೇ, ಎದೆಯದನ್ನು ನಂಬಬಾರದು ಅಂತ.

ಭಾನುವಾರ ಸಿಂಧನೂರಿಗೆ ಹೋಗುವುದಿದೆ, ನೀನೂ ಬಾ. ನಾನು ಬಾಯಿ ಬಿಡದೆ ಕೂತರೆ ತಿವಿ. ಹೋದ ಸಲದ ಹಾಗೆ ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡರೆ ಮಾತ್ರ ಅಲ್ಲೇ ಬಿಟ್ಟು ಬರುತ್ತೇನೆ.

ನಿನ್ನ,
ಸೋನಾಮಸೂರಿ